ಕೇರಿಯವರೇ ನರ್ಸ್, ವಕೀಲೆ, ಮೇಷ್ಟ್ರಾಗಿ ಬಂದಾಗ: ಡಕೋಟಾ ಜನರ ಏರ್ಪಾಡಿನಿಂದ ನಮ್ಮ ಜಿಲ್ಲೆಗೆ ಏನು ಸಿಗುತ್ತದೆ?

ಬೇಡ್ತಿ ದಂಡೆ (ಪ್ರಶ್ನೆ)

ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನ ಸಿದ್ದಿ ಕೇರಿಗಳಿಂದ ಮೂವರು ಓದು ಮುಗಿಸಿ ಊರ ಕಡೆಗೇ ಕೆಲಸಕ್ಕೆ ಬರುತ್ತಿದ್ದಾರೆ. ಒಬ್ಬರು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು, ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಓ). ಇನ್ನೊಬ್ಬರು ಎಲ್‌ಎಲ್‌ಬಿ ಮುಗಿಸಿ ವಕೀಲಿಕೆ ಶುರು ಮಾಡುವವರು. ಮೂರನೆಯವರು ಡಿ.ಎಡ್. ಮಾಡಿಕೊಂಡು ಕಿರಿಯ ಪ್ರಾಥಮಿಕ ಶಾಲೆಗೆ ಬರುವವರು. ಅಕ್ಕಪಕ್ಕದಲ್ಲಿ ಕುಣಬಿ, ಗೌಳಿ ಮನೆಗಳೂ ಇವೆ.

ಅಮೆರಿಕದ ಡಕೋಟಾ ಜನರಲ್ಲಿ ತಮ್ಮವರೇ ಡಾಕ್ಟರು, ವಕೀಲರು, ಶಿಕ್ಷಕರಾಗಿ ತಮ್ಮ ಸಮುದಾಯದಲ್ಲೇ ದುಡಿಯುತ್ತಾರೆಂದು ಓದಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಅಲ್ಲಿ ಈ ಏರ್ಪಾಡು ಯಾವುದರ ಮೇಲೆ ನಿಂತಿದೆ? ಅದರಲ್ಲಿ ಇಲ್ಲಿಗೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ? ಮುಖ್ಯವಾಗಿ ಎದುರಿಗಿರುವ ಕೆಲಸ ಮೂರು: ತಿರಸ್ಕಾರವಾದ ಅರಣ್ಯ ಹಕ್ಕು ಅರ್ಜಿಗಳು, ಮಂಗನ ಕಾಯಿಲೆಯ ಹಂಗಾಮು, ಮನೆಮಾತು ಕನ್ನಡವಲ್ಲದ ಒಂದನೇ ಕ್ಲಾಸಿನ ಮಕ್ಕಳು. ಅಭಿನಂದನೆ ಅವರಿಗೆ ಬೇಕಾದಷ್ಟು ಸಿಕ್ಕಿದೆ. ಕೆಲಸದ ವಿವರ ತಿಳಿದವರು ದಯವಿಟ್ಟು ಬರೆಯಿರಿ.

ಕೂರ್ಮಗಡ

ಡಕೋಟಾ ಎಂಬುದು ರಾಜ್ಯದ ಹೆಸರಾಗುವ ಮೊದಲು ಜನರ ಹೆಸರು. ಅವರ ಮೂಲ ನೆಲ ಈಗಿನ ಮಿನ್ನೆಸೋಟ. 1862ರ ಯುದ್ಧದ ಬಳಿಕ, ಆ ವರ್ಷದ ಡಿಸೆಂಬರ್ 26ರಂದು ಮ್ಯಾಂಕಾಟೊ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಮರುವರ್ಷ ಉಳಿದವರಲ್ಲಿ ಹೆಚ್ಚಿನವರನ್ನು ರಾಜ್ಯದಿಂದಲೇ ಹೊರಗಟ್ಟಿದರು. ಈಗ ಮಿನ್ನೆಸೋಟದಲ್ಲಿ ಕೇಂದ್ರ ಸರ್ಕಾರದ ಮಾನ್ಯತೆ ಇರುವ ಡಕೋಟಾ ಸಮುದಾಯಗಳು ನಾಲ್ಕು: ಶಾಕೊಪಿ, ಪ್ರೇರಿ ಐಲ್ಯಾಂಡ್, ಲೋವರ್ ಸೂ, ಅಪ್ಪರ್ ಸೂ. ಬೇರೆಯವರು ಎರಡೂ ಡಕೋಟಾ ರಾಜ್ಯಗಳಲ್ಲಿ, ನೆಬ್ರಾಸ್ಕಾದಲ್ಲಿ, ಕೆನಡಾದಲ್ಲಿ ಹಂಚಿಹೋಗಿದ್ದಾರೆ.

ನಿಮ್ಮ ಪ್ರಶ್ನೆಗೆ ಹತ್ತಿರದ ಉದಾಹರಣೆ ಚಾರ್ಲ್ಸ್ ಈಸ್ಟ್‌ಮನ್, ಡಕೋಟಾ ಹೆಸರು ಒಹಿಯೇಸಾ. 1858ರಲ್ಲಿ ಹುಟ್ಟಿದವರು. 1890ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಅದೇ ವರ್ಷ ದಕ್ಷಿಣ ಡಕೋಟಾದ ಪೈನ್ ರಿಡ್ಜ್ ಮೀಸಲು ಪ್ರದೇಶಕ್ಕೆ ಸರ್ಕಾರಿ ವೈದ್ಯರಾಗಿ ಹೋದರು. ಅಲ್ಲಿಯವರು ಲಕೋಟಾ, ಡಕೋಟಾದವರ ಸೋದರ ಜನ. ಡಿಸೆಂಬರ್ 29ರಂದು ಅಮೆರಿಕದ ಸೈನ್ಯ ಲಕೋಟಾ ಜನರನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡದ ಗಾಯಾಳುಗಳನ್ನು ಚರ್ಚಿನೊಳಗೆ ಮಲಗಿಸಿ ಆರೈಕೆ ಮಾಡಿದ್ದು ಅವರೇ. ಆದರೆ ಅವರಿಗೆ ಸಂಬಳ ಕೊಡುತ್ತಿದ್ದುದು ಸರ್ಕಾರ. ಮೇಲಿದ್ದ ಸರ್ಕಾರಿ ಏಜೆಂಟನೊಂದಿಗೆ ಜಗಳ ಬೆಳೆದು 1893ರಲ್ಲಿ ಅಲ್ಲಿಂದ ಹೊರಡಬೇಕಾಯಿತು. ಜನರಿಗೆ ಬೇಕಾಗಿದ್ದ ವೈದ್ಯರನ್ನು ಉಳಿಸಿಕೊಳ್ಳುವ ಅಧಿಕಾರ ಜನರ ಕೈಯಲ್ಲಿ ಇರಲಿಲ್ಲ.

ಆ ಅಧಿಕಾರ ಬಂದದ್ದು 1975ರ ಸ್ವನಿರ್ಣಯ ಕಾಯ್ದೆಯಿಂದ. ಕೇಂದ್ರ ಸರ್ಕಾರ ನಡೆಸುತ್ತಿದ್ದ ಆಸ್ಪತ್ರೆ, ಶಾಲೆಗಳನ್ನು ಬುಡಕಟ್ಟು ಸರ್ಕಾರ ಕರಾರು ಮಾಡಿಕೊಂಡು, ಅದಕ್ಕೆ ಮೀಸಲಾದ ಹಣದ ಸಮೇತ ತಾನೇ ನಡೆಸಬಹುದು. ಜನ ತಯಾರಾಗುವ ದಾರಿಯೂ ಬೇರೆಬೇರೆ ಕಡೆಯಿಂದ ತೆರೆಯಿತು. 1968ರಿಂದ ಊರಿನವರನ್ನೇ ತರಬೇತಿ ಕೊಟ್ಟು ಸಮುದಾಯ ಆರೋಗ್ಯ ಪ್ರತಿನಿಧಿಗಳನ್ನಾಗಿ ನೇಮಿಸುತ್ತಿದ್ದಾರೆ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಉತ್ತರ ಡಕೋಟಾ ವಿಶ್ವವಿದ್ಯಾಲಯದಲ್ಲಿ 1973ರಿಂದ ಮೂಲನಿವಾಸಿ ವಿದ್ಯಾರ್ಥಿಗಳನ್ನು ವೈದ್ಯಕೀಯಕ್ಕೆ ತಯಾರು ಮಾಡುವ ವಿಭಾಗವೇ ಇದೆ. ಇಂಡಿಯನ್ ಹೆಲ್ತ್ ಸರ್ವೀಸಿನ (ಅಮೆರಿಕದ ಮೂಲನಿವಾಸಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಆರೋಗ್ಯ ಸೇವೆ) ವಿದ್ಯಾರ್ಥಿವೇತನ ಪಡೆದವರು ವರ್ಷಕ್ಕೆ ವರ್ಷದಂತೆ, ಕನಿಷ್ಠ 2 ವರ್ಷ, ಮೂಲನಿವಾಸಿಗಳ ಆಸ್ಪತ್ರೆಯಲ್ಲಿ ಸೇವೆ ಮಾಡಲೇಬೇಕು. ಡಕೋಟಾದವರದೇ ಕಾಲೇಜುಗಳೂ ಇವೆ: ಸ್ಪಿರಿಟ್ ಲೇಕ್‌ನಲ್ಲಿ 1974ರದು, ಸಿಸೆಟನ್‌ನಲ್ಲಿ 1979ರದು.

ವಕೀಲರ ಕಡೆಯಿಂದ ನೋಡಿದರೆ 1978ರ ಮಕ್ಕಳ ಕಲ್ಯಾಣ ಕಾಯ್ದೆ ದೊಡ್ಡದು. ಮೂಲನಿವಾಸಿ ಮಗುವನ್ನು ಮನೆಯಿಂದ ತೆಗೆದು ಬೇರೆಯವರ ಪೋಷಣೆಗೆ ಕೊಡುವ ಮೊದಲು ಕೋರ್ಟು ಅರ್ಹ ತಜ್ಞ ಸಾಕ್ಷಿಯ ಮಾತು ಕೇಳಬೇಕು. ಆ ಬುಡಕಟ್ಟಿನ ಮಕ್ಕಳು ಬೆಳೆಯುವ ರೀತಿ ಬಲ್ಲವರೇ ಆ ಸಾಕ್ಷಿ ಆಗುತ್ತಾರೆ. ಅಂದರೆ ಊರಿನ ತಿಳಿವಳಿಕೆಗೆ ಕಾನೂನಿನಲ್ಲೇ ಒಂದು ಕುರ್ಚಿ ಹಾಕಿಟ್ಟಿದ್ದಾರೆ.

ನಮ್ಮಲ್ಲಿ ಹೊಂದದಿರುವುದು ಇದೇ. ಸಿದ್ದಿ ಸಮುದಾಯಕ್ಕೆ ಸ್ವಂತ ಸರ್ಕಾರ ಇಲ್ಲ. ಕರ್ನಾಟಕದಲ್ಲಿ ಸಂವಿಧಾನದ 5ನೇ ಅನುಸೂಚಿಯ ಬುಡಕಟ್ಟು ಪ್ರದೇಶವೂ ಇಲ್ಲ, ಹಾಗಾಗಿ ಅಂಥ ಕಡೆ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಕಾಯ್ದೆ ಅನ್ವಯಿಸದು. ನರ್ಸ್, ಮೇಷ್ಟ್ರು ಇಬ್ಬರೂ ಇಲಾಖೆಯವರು, ನಾಳೆ ವರ್ಗವಾಗಬಹುದು. ಆದರೆ ಜನರಿಗೆ ಕಾನೂನು ಕೊಟ್ಟ ಕುರ್ಚಿ ಇಲ್ಲಿಯೂ ಮೂರು ಇವೆ: ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ, ಗ್ರಾಮ ಆರೋಗ್ಯ ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ). ಈ ಮೂವರು ತಮ್ಮ ಕೆಲಸವನ್ನು ಆ ಸಭೆಗಳ ನಡಾವಳಿ ಪುಸ್ತಕಕ್ಕೆ ಏರಿಸುತ್ತ ಹೋಗಬೇಕು. ಪುಸ್ತಕದಲ್ಲಿ ಇದ್ದದ್ದು ವರ್ಗವಾದ ಮೇಲೂ ಊರಲ್ಲಿ ಉಳಿಯುತ್ತದೆ.

ಗುಡ್ನಾಪುರ ಕೆರೆ

ಅರಣ್ಯ ಹಕ್ಕಿನ ಬಗ್ಗೆ ಬರೆಯುತ್ತೇನೆ. ವಕೀಲೆಗೆ ಕೋರ್ಟಿಗಿಂತ ಮೊದಲು ಈ ಕೆಲಸ ಇದೆ.

ಮೊದಲು ಅರ್ಜಿಗಳನ್ನು ಎರಡು ಕಟ್ಟು ಮಾಡಿ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ (ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ ಇದು ಸಿಕ್ಕಿದ್ದು 2020ರಲ್ಲಿ). ಅವರು ತೋರಿಸಬೇಕಾದ್ದು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಮಾತ್ರ. 75 ವರ್ಷದ ಮಾತೇ ಅಲ್ಲಿ ಬರುವುದಿಲ್ಲ. ಕುಣಬಿ, ಗೌಳಿ, ಹಾಲಕ್ಕಿ ಒಕ್ಕಲಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇನ್ನೂ ಇಲ್ಲ. ಗೋವಾದಲ್ಲಿ ಕುಣಬಿಗಳಿಗೆ ಸಿಕ್ಕಿ ಜೋಯಿಡಾದಲ್ಲಿ ಸಿಗದಿರುವುದು ಅನ್ಯಾಯವೇ, ಆದರೆ ಅರ್ಜಿ ಇವತ್ತಿನ ಪಟ್ಟಿಯ ಪ್ರಕಾರವೇ ನಡೆಯುತ್ತದೆ. ಅವರು ‘ಇತರೆ ಪಾರಂಪರಿಕ ಅರಣ್ಯವಾಸಿಗಳು’. ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಇಲ್ಲಿಯೇ ದೊಡ್ಡ ತಪ್ಪು ತಿಳಿವಳಿಕೆ: ಆ ಗದ್ದೆಯನ್ನೇ 75 ವರ್ಷ ಉತ್ತಿರಬೇಕೆಂದು ಕಾಯ್ದೆ ಹೇಳುವುದಿಲ್ಲ. ಕುಟುಂಬ ಆ ಕಾಡಿನ ಪ್ರದೇಶದಲ್ಲಿ ವಾಸವಿದ್ದು ಅದನ್ನೇ ನಂಬಿ ಬದುಕಿರಬೇಕು. ಆ ಜಾಗದ ಸ್ವಾಧೀನಕ್ಕೆ ಅವರಿಗೂ 2005ರ ದಿನಾಂಕವೇ.

ಹಾಗಾಗಿ ತಿರಸ್ಕಾರದ ಹಿಂಬರಹ ತೆರೆದು ಮೊದಲು ನೋಡಬೇಕಾದ್ದು: ಸಿದ್ದಿ ಅರ್ಜಿದಾರರಿಗೆ 75 ವರ್ಷದ ದಾಖಲೆ ಇಲ್ಲವೆಂದು ತಿರಸ್ಕರಿಸಿದ್ದಾರೆಯೇ? ಅರ್ಜಿಯಲ್ಲಿ ಪಂಗಡದ ಕಲಂ ಖಾಲಿ ಬಿಟ್ಟು, ಜಾತಿ ಪ್ರಮಾಣಪತ್ರ ಲಗತ್ತಿಸದಿದ್ದರೆ ಹೀಗಾಗುತ್ತದೆ. ನಾಡಕಚೇರಿಯಿಂದ ಪ್ರಮಾಣಪತ್ರ ತೆಗೆಸಿ ಸೇರಿಸುವುದು ಮೇಲ್ಮನವಿಯ ಮೊದಲ ಹೆಜ್ಜೆ.

ಸಾಕ್ಷ್ಯದ ವಿಷಯದಲ್ಲಿ ಅರಣ್ಯ ಹಕ್ಕು ನಿಯಮಗಳ ನಿಯಮ 13 ಅನ್ನು ಬಾಯಿಪಾಠ ಮಾಡುವಷ್ಟು ಓದಬೇಕು. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು, ಆದರೆ ಇಂಥದ್ದೇ ಕಾಗದ ಬೇಕೆಂದು ಯಾವ ಸಮಿತಿಯೂ ಪಟ್ಟು ಹಿಡಿಯುವಂತಿಲ್ಲ. ಮತದಾರರ ಪಟ್ಟಿ, ರೇಷನ್ ಕಾರ್ಡು, ಮನೆ ತೆರಿಗೆ ರಸೀದಿ ಒಂದು ಬಗೆ. ಬಾವಿ, ಏರಿ, ಸಮತಟ್ಟು ಮಾಡಿದ ಗದ್ದೆ, ಹಳೆಯ ಮನೆಯ ಅಡಿಪಾಯ, ಸಮಾಧಿ, ದೇವರ ಬನ ಇವೂ ಸಾಕ್ಷ್ಯವೇ. ವಂಶವೃಕ್ಷ ನಡೆಯುತ್ತದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದ್ದೂ ನಡೆಯುತ್ತದೆ. ಗೆಜೆಟಿಯರು, ಅರಣ್ಯ ಕಾರ್ಯಯೋಜನೆಗಳೂ ಪಟ್ಟಿಯಲ್ಲಿವೆ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಹಾಗಾಗಿ 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಹಾಲಕ್ಕಿ, ಕುಣಬಿ, ಸಿದ್ದಿಗಳ ವಿವರ ಸಿಗುತ್ತದೆ. ಆ ಪುಟದ ಪ್ರತಿ ಪಾರಂಪರಿಕ ವಾಸಕ್ಕೆ ಒಳ್ಳೆಯ ಆಧಾರ, ಆದರೆ ಅದು ಇಡೀ ಸಮುದಾಯಕ್ಕೆ ಸೇರಿದ್ದು. ಜೊತೆಗೆ ಕುಟುಂಬವನ್ನು ಜಾಗಕ್ಕೆ ಕಟ್ಟುವ ಇನ್ನೊಂದು ಸಾಕ್ಷ್ಯ ಇರಲೇಬೇಕು.

ಹಿರಿಯರ ಹೇಳಿಕೆ ಹೆಚ್ಚಾಗಿ ಕೆಡುವುದು ಜೆರಾಕ್ಸಿನಿಂದ. ಒಂದೇ ಒಕ್ಕಣೆ ಟೈಪು ಮಾಡಿ ಹೆಸರು ಮಾತ್ರ ಬದಲಿಸಿದ 40 ಹೇಳಿಕೆ ಇಟ್ಟರೆ ಒಂದಕ್ಕೂ ಬೆಲೆ ಬರುವುದಿಲ್ಲ. ಒಬ್ಬೊಬ್ಬರ ಬಾಯಿಂದ ಬಂದದ್ದನ್ನೇ ಬರೆಯಿರಿ: ಯಾರ ಕಾಲದಲ್ಲಿ ಬಾವಿ ತೋಡಿದ್ದು, ಯಾವ ಹಲಸಿನ ಮರ ಗಡಿ, ಕೊಡಸಳ್ಳಿ ಅಣೆಕಟ್ಟಿನ ಕೆಲಸಕ್ಕೆ ಮೊದಲೋ ನಂತರವೋ. ಇಸವಿ ನೆನಪಿಲ್ಲದವರಿಗೆ ಇಂಥ ಗುರುತುಗಳೇ ಇಸವಿ. ಕೇರಿಯ ಮಾತು ಬಲ್ಲ ವಕೀಲೆಗೆ ಸಿಗುವ ನಿಜವಾದ ಅನುಕೂಲ ಇದು. ಹೊರಗಿನವರು ಕೇಳಿದರೆ ‘ಮೊದಲಿಂದಲೂ’ ಎಂಬ ಒಂದೇ ಉತ್ತರ ಬರುತ್ತದೆ.

ಅಳತೆ: ಒಂದು ಕುಟುಂಬಕ್ಕೆ ಮಿತಿ 4 ಹೆಕ್ಟೇರ್, ಅಂದರೆ ಸುಮಾರು 9 ಎಕರೆ 35 ಗುಂಟೆ. ಅರ್ಜಿಯಲ್ಲಿ ಗುಂಟೆ, ಜಿಪಿಎಸ್ ನಕ್ಷೆಯಲ್ಲಿ ಹೆಕ್ಟೇರ್ ಬರೆದು ಎರಡೂ ತಾಳೆಯಾಗದೆ ಕಡತ ವಾಪಸು ಬರುತ್ತದೆ. ಎರಡನ್ನೂ ಎರಡೂ ಕಡೆ ಬರೆಯಿರಿ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರಬೇಕಾದ್ದರಿಂದ ಅರ್ಜಿಯಲ್ಲೇ ಇಬ್ಬರ ಹೆಸರೂ ಇರಲಿ. ಆ ಭೂಮಿ ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಇನ್ನು ಗ್ರಾಮಸಭೆ. 2012ರ ತಿದ್ದುಪಡಿಯ ನಂತರ ಕೋರಂ ಎಂದರೆ ಸದಸ್ಯರಲ್ಲಿ ಕನಿಷ್ಠ ಅರ್ಧ, ಹಾಜರಿದ್ದವರಲ್ಲಿ ಮೂರನೇ ಒಂದು ಪಾಲು ಹೆಂಗಸರು, ಮತ್ತು ಹಕ್ಕಿನ ಠರಾವು ಮಾಡುವ ದಿನ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಜನ. 240 ವಯಸ್ಕರಿರುವ ಊರಿನಲ್ಲಿ 30 ಅರ್ಜಿ ಇದ್ದರೆ 120 ಜನ ಬೇಕು, ಅವರಲ್ಲಿ 40 ಹೆಂಗಸರು, 15 ಅರ್ಜಿದಾರರು. ಅಡಿಕೆ ಕೊಯ್ಲಿನ ತಿಂಗಳಲ್ಲಿ ಸಭೆ ಇಟ್ಟರೆ ಕೂಲಿ ಬಿಟ್ಟು ಇಷ್ಟು ಜನ ಬರುವುದಿಲ್ಲ. ಕೋರಂ ಇಲ್ಲದ ಠರಾವನ್ನು ಮೇಲೆ ಹಿಡಿದೇ ಹಿಡಿಯುತ್ತಾರೆ. ಸಹಿ ಪುಸ್ತಕದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಹಾಳೆ ಇಟ್ಟರೆ ಎಣಿಕೆಗೆ ತಕರಾರು ಬರದು.

ಸ್ಥಳ ತನಿಖೆಗೆ ಅರಣ್ಯ ಮತ್ತು ಕಂದಾಯ ಇಲಾಖೆಯವರಿಗೆ ಲಿಖಿತ ತಿಳುವಳಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂದವರು ಹುದ್ದೆ, ದಿನಾಂಕ, ಅಭಿಪ್ರಾಯ ಬರೆದು ಸಹಿ ಹಾಕಬೇಕು. ತಾವು ಹಾಜರಿರಲಿಲ್ಲವೆಂದು ಇಲಾಖೆ ಆಮೇಲೆ ಆಕ್ಷೇಪಿಸಿದರೆ ಮರುತನಿಖೆ ಆಗುತ್ತದೆ. ಆಗಲೂ ಬಾರದಿದ್ದರೆ ಗ್ರಾಮಸಭೆಯ ತೀರ್ಮಾನವೇ ಕೊನೆಯದು, ನಿಯಮ 12ಎ ಹಾಗೆಯೇ ಹೇಳುತ್ತದೆ. ತಿರಸ್ಕಾರವನ್ನು ಕಾರಣ ಸಹಿತ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ಗ್ರಾಮಸಭೆಯ ಠರಾವಿನ ವಿರುದ್ಧ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ, ಪ್ರತಿ ಹಂತಕ್ಕೂ 60 ದಿನ. ಪಂಚಾಯ್ತಿ ಫಲಕಕ್ಕೆ ಪಟ್ಟಿ ಅಂಟಿಸಿ ಸುಮ್ಮನಾಗಿದ್ದರೆ ಖುದ್ದು ತಿಳಿಸಿಲ್ಲವೆಂಬುದೇ ಮೇಲ್ಮನವಿಯ ಮೊದಲ ಅಂಶ.

ವಕೀಲೆಗೆ ಒಂದು ಮಾತು. ಮೂಲ ಕಾಗದಗಳನ್ನು ತಮ್ಮ ಆಫೀಸಿನಲ್ಲಿ ಇಟ್ಟುಕೊಳ್ಳಬಾರದು. ಎರಡು ಜೆರಾಕ್ಸ್ ಸೆಟ್ ಮಾಡಿ, ಒಂದು ಹಕ್ಕು ಸಮಿತಿಯ ಪೆಟ್ಟಿಗೆಗೆ, ಒಂದು ತಮಗೆ. ಮೂಲ ಪ್ರತಿ ಮನೆಯವರ ಟ್ರಂಕಿನಲ್ಲೇ ಇರಲಿ.

ಸಿದ್ದಾಪುರ ಘಟ್ಟ

ಮಂಗನ ಕಾಯಿಲೆ ಬಗ್ಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗು (ಉಣ್ಣೆ) ಕಚ್ಚಿ ಹರಡುವ ವೈರಸ್ಸು. 2024ರ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಏಟು ಬಿದ್ದದ್ದು ಸಿದ್ದಾಪುರಕ್ಕೆ. ಉಣುಗಿನ ಮರಿಗಳು ಮಳೆ ಮುಗಿದ ಮೇಲೆ ಹೆಚ್ಚುತ್ತವೆ, ಹಾಗಾಗಿ ಹಂಗಾಮು ಡಿಸೆಂಬರಿನಿಂದ ಮೇ. ಅದೇ ತಿಂಗಳುಗಳಲ್ಲಿ ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವುದು, ಕಟ್ಟಿಗೆ ತರುವುದು, ಜೇನು ತೆಗೆಯುವುದು. ಆದ್ದರಿಂದ ಸಿಎಚ್‌ಓ ನವೆಂಬರಿನಲ್ಲೇ ಮಾಡಬೇಕಾದ ಪಟ್ಟಿ ಯಾವುದೆಂದರೆ ಯಾವ ಮನೆಯವರು ಯಾರ ತೋಟದ ಬೆಟ್ಟಕ್ಕೆ ದರಕಿಗೆ ಹೋಗುತ್ತಾರೆ ಎಂಬುದು. ಇದು ಯಾವ ಇಲಾಖೆಯ ನಮೂನೆಯಲ್ಲೂ ಇಲ್ಲ, ಕೇರಿಯವರಿಗೆ ಮಾತ್ರ ಗೊತ್ತು. ಪಟ್ಟಿ ಇದ್ದರೆ ಒಂದು ಬೆಟ್ಟದಲ್ಲಿ ಮಂಗ ಸತ್ತ ದಿನವೇ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯುತ್ತದೆ.

ಉಣುಗು ಹತ್ತದಂತೆ ಇಲಾಖೆ ಕೊಡುವ ಡೆಪಾ ಎಣ್ಣೆ ಮನೆಯ ಗೂಡಿನಲ್ಲಿ ಉಳಿದರೆ ಪ್ರಯೋಜನ ಇಲ್ಲ. ಕಾಡಿಗೆ ಹೊರಡುವ ಮೊದಲು ಬರಿಗೈ, ಬರಿಗಾಲಿಗೆ ಹಚ್ಚಬೇಕು. ಬೆವರು ಹೆಚ್ಚಾದರೆ ಮತ್ತೆ ಹಚ್ಚಬೇಕು. ಒಮ್ಮೆ ಹಚ್ಚಿ ದಿನವಿಡೀ ನಂಬುವುದೇ ಸಾಮಾನ್ಯ ತಪ್ಪು. ಮನೆಗೆ ಬಂದ ಕೂಡಲೇ ಬಿಸಿ ನೀರು, ಸೋಪಿನಲ್ಲಿ ಮೀಯಬೇಕು. ಹಾಕಿಕೊಂಡ ಬಟ್ಟೆಯನ್ನು ಕಟ್ಟೆಯ ಮೇಲೆ ಬಿಡದೆ ಬಿಸಿ ನೀರಿಗೆ ಹಾಕಬೇಕು. ದರಕಿನ ಹೊರೆಯನ್ನು ಅಂಗಳದಲ್ಲಿ ರಾಶಿ ಹಾಕಿ ಮಕ್ಕಳನ್ನು ಅದರ ಮೇಲೆ ಆಡಲು ಬಿಡಬಾರದು. ಸತ್ತ ಮಂಗನನ್ನು, ಮುಸಿಯವಾಗಲಿ ಕೆಂಪು ಮೂತಿಯದಾಗಲಿ, ಮುಟ್ಟದೆ ಆಸ್ಪತ್ರೆಗೋ ಪಂಚಾಯ್ತಿಗೋ ತಿಳಿಸಬೇಕು. ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ಹೊಸದು ತಯಾರಾಗುತ್ತಿದೆ, ಅದು ಕೈಗೆ ಬರುವವರೆಗೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದಾರಿ.

ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಏಕಾಏಕಿ ಏರುತ್ತದೆ. ಹಣೆ ಸಿಡಿತ, ಸೊಂಟ ಮತ್ತು ಮೀನಖಂಡದ ನೋವು, ಕಣ್ಣು ಕೆಂಪು, ವಾಂತಿ. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ತಡವಾಗಿ ಬಂದವರಿಗೆ ರಕ್ತದ ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆ. ಜ್ವರ ಶುರುವಾದ ತಾರೀಖನ್ನು ಚೀಟಿಯಲ್ಲಿ ಬರೆಯದಿದ್ದರೆ ಲ್ಯಾಬಿನವರಿಗೆ ಯಾವ ಪರೀಕ್ಷೆ ಎಂದೇ ತಿಳಿಯುವುದಿಲ್ಲ. ಪ್ಲೇಟ್‌ಲೆಟ್ ಇಳಿಯುವ ಕಾಯಿಲೆಯಾದ್ದರಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಂಜೆಕ್ಷನ್ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್, ನೀರಿನಂಶ, ಮತ್ತು ಕೂಡಲೇ ಮೇಲಿನ ಆಸ್ಪತ್ರೆ. ಮೈಕೈ ನೋವಿಗೆ ‘ಒಂದು ಸೂಜಿ’ ಹಾಕಿಸಿಕೊಂಡು ಮತ್ತೆ ಕೂಲಿಗೆ ಹೋಗುವವರಲ್ಲಿ ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮರುಕಳಿಸುತ್ತದೆ. ಆಗ ಕತ್ತು ಬಿಗಿತ, ಕೈನಡುಕ, ದೃಷ್ಟಿ ಮಂಜು. ಹಾಗಾಗಿ ಗುಣವಾದವರ ಮನೆಗೆ 7, 14, 21ನೇ ದಿನ ಹೋಗಿ ನೋಡಬೇಕು.

ಊರಿನವರೇ ನರ್ಸ್ ಆದಾಗ ಬರುವ ತೊಡಕನ್ನೂ ಹೇಳಬೇಕು. ಸಂಬಂಧಿಕರ ಗುಟ್ಟು ಉಪಕೇಂದ್ರದಲ್ಲಿ ಇರುತ್ತದೆ. ಟಿಬಿ, ಗರ್ಭಪಾತ, ಕುಡಿತದ ವಿಷಯ ಒಮ್ಮೆ ಹೊರಬಿದ್ದರೆ ಜನ ಅಲ್ಲಿಗೆ ಬರುವುದನ್ನೇ ಬಿಟ್ಟು ದೂರದ ಊರಿಗೆ ಹೋಗುತ್ತಾರೆ. ರಿಜಿಸ್ಟರಿಗೆ ಬೀಗ ಇರುವ ಕಪಾಟು, ಬಾಗಿಲಲ್ಲಿ ನಿಂತು ಕಾಯಿಲೆ ಹೆಸರು ಕೂಗದಿರುವುದು, ‘ಇದನ್ನು ಮನೆಯಲ್ಲಿ ಯಾರಿಗೆ ಹೇಳಲಿ?’ ಎಂದು ಮೊದಲೇ ಕೇಳುವುದು, ಇಷ್ಟನ್ನು ಮೊದಲ ವಾರದಿಂದಲೇ ರೂಢಿಸಬೇಕು. ಗುಡ್ಡಗಾಡಿನ ಉಪಕೇಂದ್ರ ಎಂದರೆ 3,000 ಜನ. ಅದರಲ್ಲಿ ಸಿದ್ದಿ, ಹವ್ಯಕ, ನಾಮಧಾರಿ, ಗೌಳಿ ಎಲ್ಲರೂ ಇರುತ್ತಾರೆ. ಕೇರಿಯ ಹುಡುಗಿ ಎಂದು ತೋಟದ ಮನೆಯವರು ಹೊರಜಗುಲಿಯಲ್ಲೇ ನಿಲ್ಲಿಸಿದರೆ ಅಲ್ಲಿಯೇ ತಿರುಗಿ ಬರಬಾರದು. ಬಾಣಂತಿಯನ್ನು ಒಳಗೆ ಹೋಗಿ ನೋಡುವುದು ಅವರ ಕರ್ತವ್ಯ ಮತ್ತು ಅಧಿಕಾರ. ಮೊದಲೆರಡು ಭೇಟಿಗೆ ಆಶಾ ಕಾರ್ಯಕರ್ತೆ ಮತ್ತು ವೈದ್ಯಾಧಿಕಾರಿ ಜೊತೆಗಿರಲಿ.

ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇದೆ. ಮಂಗನ ಕಾಯಿಲೆಯ ತಿಂಗಳಲ್ಲಿ ರೋಗಿಯನ್ನು ಸಾಗಿಸುವ ಜೀಪಿನ ಬಾಡಿಗೆಗೆ ಅದನ್ನು ಬಳಸುವ ಠರಾವನ್ನು ಮೊದಲೇ ಮಾಡಿಟ್ಟರೆ ರಾತ್ರಿ ಹೊತ್ತು ಪರದಾಟ ಇಲ್ಲ.

ಅಂಕೋಲೆ ಶಾಲೆ

ಮೇಷ್ಟ್ರಿಗೆ ಚಿಕ್ಕದಾಗಿ. ಸಿದ್ದಿ ಮಕ್ಕಳ ಮನೆಮಾತು ಹೆಚ್ಚಾಗಿ ಕೊಂಕಣಿ ಬಗೆಯದು, ಮುಸ್ಲಿಂ ಸಿದ್ದಿಗಳಲ್ಲಿ ಉರ್ದು. ಕೊಂಕಣಿಯಲ್ಲಿ ಜೀವವಿಲ್ಲದ ವಸ್ತುಗಳಿಗೂ ಗಂಡು ಹೆಣ್ಣು ಲಿಂಗ ಇದೆ. ರೂಕ್, ಅಂದರೆ ಮರ, ಗಂಡು. ಹಾಗಾಗಿ ಮಗು ‘ಮರ ಬಿದ್ದ’ ಎನ್ನುತ್ತದೆ. ಇದನ್ನು ದಡ್ಡತನ ಎಂದು ಕೆಂಪು ಶಾಯಿಯಲ್ಲಿ ಗುರುತಿಸಿದರೆ ಮಗು ಮಾತನ್ನೇ ನಿಲ್ಲಿಸುತ್ತದೆ. ಅದು ಮನೆಮಾತಿನ ವ್ಯಾಕರಣವೆಂದು ತಿಳಿದ ಮೇಷ್ಟ್ರು ‘ಹೌದು, ಮರ ಬಿತ್ತು’ ಎಂದು ಮರುಹೇಳಿ ಮುಂದೆ ಹೋಗುತ್ತಾರೆ. ಮೊದಲ ಎರಡು ತಿಂಗಳು ಸೂಚನೆ ಮನೆಮಾತಿನಲ್ಲಿ, ಹಾಡು ಮತ್ತು ವಸ್ತುಗಳ ಹೆಸರು ಕನ್ನಡದಲ್ಲಿ. ನಲಿಕಲಿಯ (ಸರ್ಕಾರಿ ಶಾಲೆಯ ಚಟುವಟಿಕೆ ಆಧಾರಿತ ಕಲಿಕೆ) ಕಾರ್ಡುಗಳಲ್ಲಿ ಮಗು ನೋಡಿರದ ವಸ್ತುವಿನ ಚಿತ್ರವಿದ್ದರೆ, ಹಿಂಬದಿಗೆ ಕೇರಿಯಲ್ಲಿರುವ ವಸ್ತುವಿನ ಚಿತ್ರ ಅಂಟಿಸಿಕೊಳ್ಳಿ. ಕಲಿಕೆಯ ಏಣಿಯ ಮೆಟ್ಟಿಲು ಮಾತ್ರ ತಪ್ಪಿಸಬೇಡಿ, ಆಮೇಲೆ ಮಗು ಎಲ್ಲಿ ನಿಂತಿದೆ ಎಂದು ತಿಳಿಯುವುದಿಲ್ಲ.

ಡಕೋಟಾ ಮಕ್ಕಳನ್ನು ವಸತಿಶಾಲೆಗೆ ಹಾಕಿ ಮನೆಮಾತು ಆಡಿದ್ದಕ್ಕೆ ಹೊಡೆದರು. ಈಗ ಅವರ ಶಿಕ್ಷಕರು ಆ ಭಾಷೆಯನ್ನು ಬೆರಳೆಣಿಕೆಯ ಹಿರಿಯರಿಂದ ಮತ್ತೆ ಎತ್ತಿಕೊಂಡು ಪುಟ್ಟ ಮಕ್ಕಳಿಗೆ ಕಲಿಸುತ್ತಿದ್ದಾರೆ. ನಮ್ಮಲ್ಲಿ ಭಾಷೆ ಇನ್ನೂ ಅಂಗಳದಲ್ಲಿ ಆಡುತ್ತಿದೆ, ಅದನ್ನು ಬಾಗಿಲಲ್ಲಿ ತಡೆಯದಿದ್ದರೆ ಸಾಕು.

ಬೇಡ್ತಿ ದಂಡೆ

ಎಲ್ಲರಿಗೂ ಧನ್ಯವಾದ. ಒಂದೇ ಮರುಪ್ರಶ್ನೆ: ಕೇರಿಗೆ ಅಂಗನವಾಡಿ ಕಟ್ಟಡ, ಕುಡಿಯುವ ನೀರಿನ ಪೈಪು ಎರಡೂ ‘ಅರಣ್ಯ ಜಾಗ’ ಎಂಬ ಕಾರಣಕ್ಕೆ ನಿಂತಿವೆ. ಇದಕ್ಕೂ ಗ್ರಾಮಸಭೆ ಸಾಕೇ?

ಗುಡ್ನಾಪುರ ಕೆರೆ

ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಇದಕ್ಕೇ ಇರುವುದು. ಶಾಲೆ, ಆಸ್ಪತ್ರೆ, ಅಂಗನವಾಡಿ, ನೀರಿನ ಪೈಪು, ವಿದ್ಯುತ್ ತಂತಿ, ರಸ್ತೆ, ಸಮುದಾಯ ಭವನ ಸೇರಿ 13 ಬಗೆಯ ಕಾಮಗಾರಿಗೆ, ಪ್ರತಿಯೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಬಹುದು. ಗ್ರಾಮಸಭೆಯ ಶಿಫಾರಸು ಕಡ್ಡಾಯ, ಆದರೆ ಅದೊಂದೇ ಸಾಲದು. ಕಾಮಗಾರಿ ಮಾಡುವ ಇಲಾಖೆ ಪ್ರಸ್ತಾವ ಕೊಡಬೇಕು, ವಲಯ ಅರಣ್ಯಾಧಿಕಾರಿ ಸ್ಥಳ ನೋಡಬೇಕು, ಡಿಎಫ್‌ಓ (ವಿಭಾಗದ ಅರಣ್ಯಾಧಿಕಾರಿ) ಒಪ್ಪಬೇಕು. ಇಲಾಖೆಯವರು ಪ್ರಸ್ತಾವ ಕೊಟ್ಟೇ ಇಲ್ಲದೆ ‘ಅರಣ್ಯದವರು ಬಿಡುತ್ತಿಲ್ಲ’ ಎಂದು ಕುಳಿತಿದ್ದಾರೆಯೇ ಎಂದು ಮೊದಲು ವಿಚಾರಿಸಿ.

ಮರದ ಲೆಕ್ಕದಲ್ಲಿ ಎಡವಬೇಡಿ. ಮಿತಿ ಹೆಕ್ಟೇರಿಗೆ 75 ಮರ, ಕಾಮಗಾರಿಗೆ 75 ಅಲ್ಲ. ಅಂಗನವಾಡಿಗೆ 10 ಗುಂಟೆ ಕೇಳಿದರೆ ಅದು ಸುಮಾರು 0.1 ಹೆಕ್ಟೇರ್, 7 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಪೈಪಿನ ದಾರಿಯನ್ನು ಹಳೆಯ ಕಾಲುದಾರಿಯ ಅಂಚಿಗೆ ಎಳೆದರೆ ಒಂದೂ ಮರ ಬೀಳುವುದಿಲ್ಲ, ಕಡತವೂ ಬೇಗ ಸರಿಯುತ್ತದೆ. ಠರಾವಿನಲ್ಲಿ ಉದ್ದ, ಅಗಲ, ಸರ್ವೆ ನಂಬರು, ಮರಗಳ ಸಂಖ್ಯೆ ಮತ್ತು ಜಾತಿ ಬರೆಯಿರಿ. ಅಂಗನವಾಡಿಗೊಂದು, ಪೈಪಿಗೊಂದು ಬೇರೆ ಬೇರೆ ಠರಾವು ಮಾಡಿ, ಒಂದೇ ಹಾಳೆಯಲ್ಲಿ ಸೇರಿಸಿದರೆ ಒಂದರ ತಕರಾರಿಗೆ ಇನ್ನೊಂದೂ ನಿಲ್ಲುತ್ತದೆ.